ಮಕ್ಕಳ ನಾಟಕದ ವಿಡಿಯೋ ಕೆಟ್ಟು ಬಂತೇ? ಫೋಟೋ ಕ್ಯಾಮೆರಾದಲ್ಲಿ ಕಾರಣ ಹುಡುಕುವ ದಾರಿ

ನನ್ನ ಮಗಳ ಮೊದಲ ಶಾಲಾ ನಾಟಕದಲ್ಲಿ ಅವಳದು ಮೋಡದ ಪಾತ್ರ. ಇದ್ದದ್ದು ಒಂದೇ ಮಾತು: "ನಾನೀಗ ಸುರೀಲಾ?" ಮೂರು ವಾರ ಮನೆ ತುಂಬ ಅದನ್ನೇ ಹೇಳಿಕೊಂಡು ಓಡಾಡಿದ್ದಳು. ನಾನು ಫೋಟೋ ತೆಗೆಯುವ ಕ್ಯಾಮೆರಾವನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ವಿಡಿಯೋ ಮೋಡ್‌ಗೆ ತಿರುಗಿಸಿ, ಗುಂಡಿ ಒತ್ತಿ ಆರಾಮಾಗಿ ಕೂತೆ. ಮನೆಗೆ ಬಂದು ಹಾಕಿ ನೋಡಿದರೆ ಮೋಡ ಬರೀ ಬಿಳಿ ಮುದ್ದೆ, ಮುಖವೇ ಇಲ್ಲ. ನಡುನಡುವೆ ಚಿತ್ರ ಮಸುಕಾಗಿ ಮತ್ತೆ ಸರಿಹೋಗಿದೆ. ಅವಳ ಮಾತು ಬರುವುದು ನಾಟಕ ಶುರುವಾಗಿ 34ನೇ ನಿಮಿಷಕ್ಕೆ. ನನ್ನ ಫೈಲ್ 29 ನಿಮಿಷ 59 ಸೆಕೆಂಡಿಗೆ ಮುಗಿದಿತ್ತು.

ಕ್ಯಾಮೆರಾ ಕೆಟ್ಟಿರಲಿಲ್ಲ. ಅದು ತನಗೆ ಗೊತ್ತಿದ್ದ ಕೆಲಸವನ್ನೇ ಮಾಡಿತ್ತು. ಫೋಟೋ ಕ್ಯಾಮೆರಾದ ಬುದ್ಧಿ ಇರುವುದು ಒಂದು ಕ್ಷಣಕ್ಕೆ. ಗುಂಡಿ ಒತ್ತಿದಾಗ ಬೆಳಕು ಅಳೆಯಬೇಕು, ಫೋಕಸ್ ಹಿಡಿಯಬೇಕು, ಬಣ್ಣ ಊಹಿಸಬೇಕು, ಅಷ್ಟಕ್ಕೆ ಮುಗಿಯಿತು. ನಾಟಕಕ್ಕೆ ಕೂರಿಸಿದರೆ ಇದೇ ತೀರ್ಮಾನಗಳನ್ನು ಅದು ಗಂಟೆಗಟ್ಟಲೆ ಮತ್ತೆ ಮತ್ತೆ ಮಾಡುತ್ತಾ ಹೋಗುತ್ತದೆ. ಅದು ಮನಸ್ಸು ಬದಲಿಸಿದ ಪ್ರತಿ ಸಲವೂ ವಿಡಿಯೋದಲ್ಲಿ ಕಾಣುತ್ತದೆ. ಹಾಗಾಗಿ ದೋಷ ಹುಡುಕುವಾಗ ನಾನು ಕೇಳಿಕೊಳ್ಳುವುದು ಇಷ್ಟೇ: ಈ ಹೊತ್ತಿಗೆ ಕ್ಯಾಮೆರಾ ಹೊಸದಾಗಿ ಏನು ತೀರ್ಮಾನ ಮಾಡಿತು? ಮುಕ್ಕಾಲು ಪಾಲು ದೋಷಗಳಿಗೆ ಉತ್ತರ ಅಲ್ಲೇ ಸಿಗುತ್ತದೆ.

ಮೊದಲು: ದೋಷ ಫೈಲಿನಲ್ಲಿದೆಯೋ, ತೋರಿಸುವ ಯಂತ್ರದಲ್ಲೋ?

ಕಾರ್ಡನ್ನು ಮುಟ್ಟುವ ಮುಂಚೆ ಅದರಲ್ಲಿರುವುದನ್ನೆಲ್ಲ ಹಾಗೇ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಿ. ಅಳಿಸಬೇಡಿ, ಫಾರ್ಮ್ಯಾಟ್ ಮಾಡಬೇಡಿ, ಅದೇ ಕಾರ್ಡಿನಲ್ಲಿ ಹೊಸದಾಗಿ ಏನನ್ನೂ ತೆಗೆಯಬೇಡಿ. ಕಾರಣ ಕೊನೆಯಲ್ಲಿ ಹೇಳುತ್ತೇನೆ.

ಆಮೇಲೆ ಅದೇ ಫೈಲನ್ನು ಕ್ಯಾಮೆರಾದ ಹಿಂದಿನ ಪರದೆಯಲ್ಲೇ ಓಡಿಸಿ ನೋಡಿ. ಕಂಪ್ಯೂಟರಿನಲ್ಲಿ ತಡವರಿಸುತ್ತಾ ಓಡುವ ವಿಡಿಯೋ ಕ್ಯಾಮೆರಾದಲ್ಲಿ ನೀಟಾಗಿ ಓಡಿದರೆ ರೆಕಾರ್ಡಿಂಗ್ ಸರಿಯಾಗಿದೆ ಎಂದೇ ಅರ್ಥ. ಈಚಿನ ಹಲವು ಕ್ಯಾಮೆರಾಗಳು ಎಚ್‌ಇವಿಸಿ ಎಂಬ ಬಿಗಿಯಾದ ವಿಧಾನದಲ್ಲಿ ವಿಡಿಯೋ ಅಡಕ ಮಾಡುತ್ತವೆ. ಬಣ್ಣವನ್ನು ಇನ್ನಷ್ಟು ನಯವಾಗಿ ದಾಖಲಿಸುವ 10 ಬಿಟ್ ಆಯ್ಕೆ ಹಾಕಿದ್ದರಂತೂ ಹಳೆಯ ಕಂಪ್ಯೂಟರಿಗೆ ಅದನ್ನು ಬಿಡಿಸುವಷ್ಟರಲ್ಲಿ ಉಸಿರು ಬಿಡುತ್ತದೆ. ವಿಎಲ್‌ಸಿ ಪ್ಲೇಯರಿನಲ್ಲಿ ಒಮ್ಮೆ ಪ್ರಯತ್ನಿಸಿ. ಅಲ್ಲೂ ತಡವರಿಸಿದರೆ ಹ್ಯಾಂಡ್‌ಬ್ರೇಕ್‌ನಂಥ ಉಚಿತ ತಂತ್ರಾಂಶದಲ್ಲಿ ಎಚ್.264 ಎಂಬ ಹಳೆಯ, ಹಗುರವಾದ ವಿಧಾನಕ್ಕೆ ಬದಲಿಸಿಕೊಳ್ಳಿ. ನಾಟಕವೇ ಹಾಳಾಯಿತು ಎಂದು ಒಂದು ವಾರ ಕೊರಗಿದ ಗೆಳೆಯನೊಬ್ಬನ ಸಮಸ್ಯೆ ಹೀಗೆ ಹತ್ತು ನಿಮಿಷದಲ್ಲಿ ಬಗೆಹರಿಯಿತು.

ಎರಡರಲ್ಲೂ ಕೆಟ್ಟಿದ್ದರೆ ಮುಂದೆ ಓದಿ.

ಅರ್ಧಕ್ಕೇ ನಿಂತುಬಿಟ್ಟಿದೆ

ಇಲ್ಲಿ ಮೊದಲ ಸಾಕ್ಷಿ ಫೈಲಿನ ಉದ್ದ. ನಿಮಿಷ ಮತ್ತು ಸೆಕೆಂಡ್ ಎರಡನ್ನೂ ಬರೆದುಕೊಳ್ಳಿ. ಫೈಲ್ ಎಷ್ಟು ಜಿಬಿ ಇದೆ ಅಂತಲೂ ನೋಡಿ.

ಉದ್ದ 29 ನಿಮಿಷ 59 ಸೆಕೆಂಡ್ ಅಥವಾ ಅದಕ್ಕೆ ತೀರ ಹತ್ತಿರ ಇದೆಯಾ? ಹಾಗಾದರೆ ಕ್ಯಾಮೆರಾ ತಾನಾಗಿಯೇ ನಿಲ್ಲಿಸಿದೆ. ಇದರ ಹಿಂದೆ ಇರುವುದು ತಂತ್ರಜ್ಞಾನ ಅಲ್ಲ, ಸುಂಕ. ಒಂದೇ ಓಟಕ್ಕೆ 30 ನಿಮಿಷ ಅಥವಾ ಹೆಚ್ಚು ವಿಡಿಯೋ ತೆಗೆಯುವ ಯಂತ್ರವನ್ನು ಐರೋಪ್ಯ ಒಕ್ಕೂಟದ ಸುಂಕದ ನಿಯಮ ವಿಡಿಯೋ ಕ್ಯಾಮೆರಾ ಎಂದು ಲೆಕ್ಕ ಹಾಕುತ್ತಿತ್ತು. ಅದಕ್ಕೆ ಸುಂಕ ಬೇರೆ. ತಯಾರಕರು ಒಂದು ಸೆಕೆಂಡ್ ಮುಂಚೆ ನಿಲ್ಲಿಸಿ ತಪ್ಪಿಸಿಕೊಂಡರು. ವಿಶ್ವ ವ್ಯಾಪಾರ ಸಂಸ್ಥೆಯ ದೇಶಗಳು 2015ರಲ್ಲಿ ಮಾಹಿತಿ ತಂತ್ರಜ್ಞಾನ ವಸ್ತುಗಳ ಒಪ್ಪಂದವನ್ನು ಹಿಗ್ಗಿಸಿದ ಮೇಲೆ ಆ ಸುಂಕ ಹಂತಹಂತವಾಗಿ ಇಳಿಯಿತು. ಹೊಸ ಮಾದರಿಗಳಲ್ಲಿ ಹಲವಕ್ಕೆ ಈ ಮಿತಿ ಇಲ್ಲ. ಆದರೆ ಮನೆಯಲ್ಲಿರುವ ಹಳೆಯ ಕ್ಯಾಮೆರಾಕ್ಕೆ ಒಪ್ಪಂದ ಗೊತ್ತಿಲ್ಲವಲ್ಲ! ಅದು 29:59ಕ್ಕೆ ನಿಂತೇ ನಿಲ್ಲುತ್ತದೆ. ಪರಿಹಾರ ಸುಲಭ. ದೃಶ್ಯ ಬದಲಾಗಿ ಕತ್ತಲಾದಾಗ, ಅಥವಾ ಚಪ್ಪಾಳೆ ಬಿದ್ದಾಗ, ನೀವೇ ನಿಲ್ಲಿಸಿ ಮತ್ತೆ ಶುರುಮಾಡಿ. ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ.

ಫೈಲ್ ಹೆಚ್ಚುಕಡಿಮೆ 4 ಜಿಬಿಗೆ ನಿಂತಿದೆಯಾ? ಇದು ಬೇರೆ ಕಥೆ. 32 ಜಿಬಿವರೆಗಿನ ಎಸ್‌ಡಿ ಕಾರ್ಡುಗಳನ್ನು ಕ್ಯಾಮೆರಾ ಫ್ಯಾಟ್32 ಎಂಬ ವ್ಯವಸ್ಥೆಯಲ್ಲಿ ಸಿದ್ಧಮಾಡುತ್ತದೆ. ಅದರಲ್ಲಿ ಒಂದು ಫೈಲ್ 4 ಜಿಬಿಯನ್ನು ಮುಟ್ಟುವಂತಿಲ್ಲ. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ತೆಗೆದರೆ 4 ಜಿಬಿ ತುಂಬಲು ಆರು ನಿಮಿಷವೂ ಬೇಡ. ಹಲವು ಕ್ಯಾಮೆರಾಗಳು ಒಂದು ಫೈಲ್ ಮುಚ್ಚಿ ಇನ್ನೊಂದನ್ನು ತೆರೆದು ಓಟ ಮುಂದುವರಿಸುತ್ತವೆ. ಆಗ ಕಾರ್ಡಿನಲ್ಲಿ ಸಾಲಾಗಿ ಫೈಲುಗಳು ಸಿಗುತ್ತವೆ, ಒಂದರ ಹಿಂದೆ ಒಂದನ್ನು ಜೋಡಿಸಿದರಾಯಿತು. "ಅರ್ಧಕ್ಕೇ ನಿಂತಿದೆ" ಅನ್ನುವ ಎಷ್ಟೋ ಜನ ಎರಡನೇ ಫೈಲನ್ನು ನೋಡಿಯೇ ಇರುವುದಿಲ್ಲ. ತೀರ ಹಳೆಯ ಮಾದರಿಗಳು ಮಾತ್ರ ಅಲ್ಲಿಗೇ ಕೈಚೆಲ್ಲುತ್ತವೆ. 2008ರಲ್ಲಿ ಬಂದ ಕ್ಯಾನನ್ 5ಡಿ ಮಾರ್ಕ್ 2 ಪೂರ್ಣ ಎಚ್‌ಡಿಯಲ್ಲಿ ಸುಮಾರು 12 ನಿಮಿಷಕ್ಕೆ ಈ ಗೋಡೆಗೆ ಡಿಕ್ಕಿ ಹೊಡೆಯುತ್ತಿತ್ತು. ಅದೇ ವರ್ಷದ ನಿಕಾನ್ ಡಿ90, ವಿಡಿಯೋ ತೆಗೆದ ಮೊದಲ ಡಿಎಸ್‌ಎಲ್‌ಆರ್, ಎಚ್‌ಡಿಯಲ್ಲಿ 5 ನಿಮಿಷಕ್ಕೇ ಸುಸ್ತು. ಅಂಥ ಕ್ಯಾಮೆರಾ ನಿಮ್ಮದಾದರೆ ಇಡೀ ನಾಟಕದ ಆಸೆ ಬಿಡಿ. ನಿಮ್ಮ ಮಗು ಬರುವ ದೃಶ್ಯಕ್ಕೆ ಮಾತ್ರ ಗುಂಡಿ ಒತ್ತಿ.

ಉದ್ದ ಯಾವ ಲೆಕ್ಕಕ್ಕೂ ಹೊಂದದೆ 17 ನಿಮಿಷ, 23 ನಿಮಿಷ ಹೀಗೆ ಎಲ್ಲೆಲ್ಲೋ ನಿಂತಿದ್ದರೆ ಮೂರು ಅನುಮಾನ.

ಒಂದು, ಬಿಸಿ. 4ಕೆ ವಿಡಿಯೋ ತೆಗೆಯುವಾಗ ಸೆನ್ಸರ್ ಮತ್ತು ಪ್ರೊಸೆಸರ್ ಎರಡೂ ಬಿಡುವಿಲ್ಲದೆ ದುಡಿಯುತ್ತವೆ. ಫೋಟೋ ಕ್ಯಾಮೆರಾದ ಒಡಲು ಚಿಕ್ಕದು, ಗಾಳಿಯಾಡಲು ಜಾಗವಿಲ್ಲ. ನಿಂತ ತಕ್ಷಣ ಕ್ಯಾಮೆರಾದ ತಳ ಮುಟ್ಟಿ ನೋಡಿದ್ದರೆ ಗೊತ್ತಾಗುತ್ತಿತ್ತು. ಈಗ ಮನೆಯಲ್ಲಿ ಪರೀಕ್ಷೆ ಮಾಡಿ: ಅದೇ ಸೆಟ್ಟಿಂಗಿನಲ್ಲಿ ಗೋಡೆಗೆ ಮುಖಮಾಡಿ ಬಿಡಿ, ಗಡಿಯಾರ ನೋಡಿ. ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ನಿಂತು ಥರ್ಮಾಮೀಟರ್ ಗುರುತು ಬಂದರೆ ಕಳ್ಳ ಸಿಕ್ಕಿಬಿದ್ದ. 4ಕೆ ಬಿಟ್ಟು 1080ಕ್ಕೆ, ಅಂದರೆ ಪೂರ್ಣ ಎಚ್‌ಡಿಗೆ, ಇಳಿಸಿ. ತೆರೆಯುವ ಪರದೆ ಇದ್ದರೆ ಒಡಲಿನಿಂದ ದೂರಕ್ಕೆ ಎಳೆದಿಡಿ, ಹಿಂಬದಿಗೆ ಸ್ವಲ್ಪ ಗಾಳಿ ಸಿಗುತ್ತದೆ. ಕೆಲವು ಕ್ಯಾಮೆರಾಗಳಲ್ಲಿ ಎಷ್ಟು ಬಿಸಿಗೆ ನಿಲ್ಲಬೇಕು ಎಂಬ ಆಯ್ಕೆ ಇದೆ, ಅದನ್ನು ಏರಿಸಬಹುದು. ಸ್ಟ್ಯಾಂಡ್ ಮೇಲೆ ಇದ್ದಾಗ ಮಾತ್ರ ಏರಿಸಿ, ಕೈಯಲ್ಲಿ ಹಿಡಿದಾಗ ಬೇಡ. ನಾಟಕ ಶುರುವಾಗುವ ಅರ್ಧ ಗಂಟೆ ಮೊದಲೇ ಆನ್ ಮಾಡಿ "ಫ್ರೇಮ್ ಸರಿಯಾ" ಅಂತ ನೋಡುತ್ತಾ ಕೂತರೂ ಅಷ್ಟು ಬಿಸಿ ಆಗಲೇ ಸೇರಿಕೊಂಡಿರುತ್ತದೆ. ಇದನ್ನು ನಾನೇ ಮಾಡಿದ್ದೇನೆ.

ಎರಡು, ಕಾರ್ಡಿನ ವೇಗ. ನಿಲ್ಲುವ ಮುಂಚೆ ಪರದೆ ಮೇಲೆ ಸಣ್ಣ ಪಟ್ಟಿಯೊಂದು ತುಂಬುತ್ತಾ ಬಂದಿದ್ದು ನೆನಪಿದ್ದರೆ ಇದೇ. ಕ್ಯಾಮೆರಾ ಬರೆಯುವ ವೇಗಕ್ಕೆ ಕಾರ್ಡ್ ಸಾಟಿಯಾಗಿಲ್ಲ. ಕಾರ್ಡಿನ ಮೇಲೆ ದೊಡ್ಡದಾಗಿ ಅಚ್ಚು ಹಾಕಿದ ಸಂಖ್ಯೆಯನ್ನು ನಂಬಬೇಡಿ, ಅದು ಸಾಮಾನ್ಯವಾಗಿ ಓದುವ ವೇಗ. ನೋಡಬೇಕಾದದ್ದು ಚಿಕ್ಕ ಗುರುತು. ವೃತ್ತದೊಳಗೆ 10 ಇದ್ದರೆ ಸೆಕೆಂಡಿಗೆ ಕನಿಷ್ಠ 10 ಮೆಗಾಬೈಟ್ ಬರೆಯುವ ಖಾತ್ರಿ. ಯು3 ಅಥವಾ ವಿ30 ಇದ್ದರೆ 30 ಮೆಗಾಬೈಟ್. ಈಗ ಲೆಕ್ಕ ಹಾಕಿ: 100 ಮೆಗಾಬಿಟ್ ಅಂದರೆ 12.5 ಮೆಗಾಬೈಟ್. ವೃತ್ತದ 10ಕ್ಕೆ ಇದು ಜಾಸ್ತಿ ಆಯಿತು, ಅಲ್ವಾ? ಮೆಗಾಬಿಟ್, ಮೆಗಾಬೈಟ್ ಎರಡನ್ನೂ ಒಂದೇ ಅಂದುಕೊಂಡು ಎಡವುವವರು ತುಂಬ ಜನ. ಎಂಟರಿಂದ ಭಾಗಿಸಬೇಕು, ಅಷ್ಟೇ.

ಮೂರು, ಜಾಗ ಅಥವಾ ಬ್ಯಾಟರಿ. ಇವು ನೇರವಾದ ಕಾರಣಗಳು. ಅದೇ 100 ಮೆಗಾಬಿಟ್ಟಿನಲ್ಲಿ ಗಂಟೆಗೆ 45 ಜಿಬಿ ಬೇಕು. 64 ಜಿಬಿ ಕಾರ್ಡ್ ಪೂರ್ತಿ ಖಾಲಿ ಇದ್ದರೂ 85 ನಿಮಿಷ ದಾಟುವುದಿಲ್ಲ. ಹೋದ ಪ್ರವಾಸದ ಫೋಟೋ ಅದರಲ್ಲೇ ಇದ್ದರೆ ಇನ್ನೂ ಕಡಿಮೆ. ಬ್ಯಾಟರಿ ವಿಷಯದಲ್ಲಿ, ಪೆಟ್ಟಿಗೆಯ ಮೇಲೆ ಬರೆದ ಫೋಟೋಗಳ ಸಂಖ್ಯೆಗೂ ವಿಡಿಯೋಗೂ ಸಂಬಂಧವಿಲ್ಲ. ಯುಎಸ್‌ಬಿಯಿಂದ ಓಡುವ ಕ್ಯಾಮೆರಾ ಆದರೆ ಪವರ್ ಬ್ಯಾಂಕ್ ಸಿಕ್ಕಿಸಿ. ಆದರೆ ಎಚ್ಚರ: ಆಫ್ ಆಗಿರುವಾಗ ಚಾರ್ಜ್ ಆಗುವ ಕ್ಯಾಮೆರಾಗಳೆಲ್ಲ ಆನ್ ಇರುವಾಗ ಯುಎಸ್‌ಬಿಯಿಂದ ಓಡುವುದಿಲ್ಲ. ಮನೆಯಲ್ಲೇ ನೋಡಿಕೊಳ್ಳಿ.

ಮುಖಗಳೆಲ್ಲ ಬಿಳಿ, ಹಿಂದಿನ ಪರದೆ ಮಾತ್ರ ಚೆನ್ನಾಗಿ ಕಾಣುತ್ತಿದೆ

ನನ್ನ ಮೋಡದ ಗತಿ ಇದೇ ಆಗಿತ್ತು. ವೇದಿಕೆಯ ಹಿಂದೆ ಕಪ್ಪು ಪರದೆ, ಮುಂದೆ ಬೆಳಕಿನ ವೃತ್ತದಲ್ಲಿ ಮಗು. ಫ್ರೇಮಿನ ಬಹುಪಾಲು ಕಪ್ಪು. ಎಷ್ಟು ಬೆಳಕು ಬೇಕೆಂದು ತಾನೇ ತೀರ್ಮಾನಿಸುವ ಆಟೋ ಎಕ್ಸ್‌ಪೋಶರ್ ಇಡೀ ಫ್ರೇಮಿನ ಸರಾಸರಿ ತೆಗೆದು "ಅಯ್ಯೋ, ಕತ್ತಲೆ" ಅಂತ ಬೆಳಕು ಏರಿಸುತ್ತದೆ. ಕಪ್ಪು ಪರದೆ ಬೂದು ಆಗುತ್ತದೆ, ಮಡಿಕೆಗಳೂ ಎಣಿಸುವಷ್ಟು ಚೆನ್ನಾಗಿ ಕಾಣುತ್ತವೆ. ಮುಖ ಸುಟ್ಟುಹೋಗುತ್ತದೆ. ಬಿಳಿ ಬಟ್ಟೆ ಹಾಕಿದ ಮಗುವಾದರೆ ಮುಗಿದೇ ಹೋಯಿತು.

ಇದೇ ಕಾರಣವಾ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ? ವಿಡಿಯೋ ಓಡಿಸುತ್ತಾ ಬದಲಾಗುವ ಜಾಗ ಹುಡುಕಿ. ವೇದಿಕೆ ತುಂಬ ಮಕ್ಕಳು ಬಂದು ನಿಂತಾಗ ಮುಖಗಳು ಸರಿಯಾಗಿ ಕಂಡು, ಒಬ್ಬರೇ ಉಳಿದಾಗ ಬಿಳಿಯಾಗುತ್ತಿದ್ದರೆ ಅದು ಆಟೋ ಎಕ್ಸ್‌ಪೋಶರಿನ ಕೆಲಸ. ಬೆಳಕು ಅದೇ ಇದೆ, ಸರಾಸರಿ ಬದಲಾಗಿದೆ. ಉದ್ದಕ್ಕೂ ಒಂದೇ ಸಮ ಬಿಳಿಯಾಗಿದ್ದರೆ ನೀವೇ ಇಟ್ಟ ಸೆಟ್ಟಿಂಗ್ ತಪ್ಪು. ಜೂಮ್ ಮಾಡಿದಾಗ ಮಾತ್ರ ಕತ್ತಲಾಗುತ್ತಿದ್ದರೆ ಅದು ಲೆನ್ಸಿನ ಗುಣ. ಕ್ಯಾಮೆರಾ ಜೊತೆ ಬರುವ ಸಾಧಾರಣ ಜೂಮ್ ಲೆನ್ಸುಗಳು ಅಗಲಕ್ಕೆ ಎಫ್ 3.5, ಹತ್ತಿರ ಎಳೆದಾಗ ಎಫ್ 5.6 (ಎಫ್ ಸಂಖ್ಯೆ ದೊಡ್ಡದಾದಷ್ಟು ಲೆನ್ಸಿನ ಕಿಂಡಿ ಚಿಕ್ಕದು). ಅಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳಕು ಹೋಗಿರುತ್ತದೆ.

ಪರಿಹಾರ ಮ್ಯಾನುಯಲ್. ಹೆದರಬೇಡಿ, ಮೂರೇ ಸಂಖ್ಯೆ. ಶಟರ್, ಅಂದರೆ ಒಂದೊಂದು ಚಿತ್ರಕ್ಕೆ ಬೆಳಕು ಬೀಳುವ ಹೊತ್ತು, 1/50 ಸೆಕೆಂಡ್; ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ನಿಮ್ಮ ಲೆನ್ಸ್ ಕೊಡುವಷ್ಟು ತೆರೆದು (ಜೂಮ್ ಮಾಡುವವರು 5.6ಕ್ಕೆ ಮೊದಲೇ ಇಟ್ಟುಬಿಡಿ, ಆಗ ಜೂಮ್ ಮಾಡಿದರೂ ಬದಲಾಗದು), ಐಎಸ್‌ಒ, ಅಂದರೆ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, 1600ರಿಂದ ಶುರು. ದೀಪ ಪೂರ್ತಿ ಉರಿಯುತ್ತಿರುವಾಗ ಅತಿ ಬೆಳಕಿನಲ್ಲಿರುವ ಮುಖ ನೋಡಿ ಐಎಸ್‌ಒ ಹೊಂದಿಸಿ. ಬೆಳಕು ಅತಿಯಾದ ಜಾಗಕ್ಕೆ ಜೀಬ್ರಾ ಗೆರೆ ತೋರಿಸುವ ಸೌಲಭ್ಯ ಇದ್ದರೆ ಹಚ್ಚಿ. ಮುಖದ ಮೇಲೆ ಗೆರೆ ಓಡಾಡಬಾರದು. ದೃಶ್ಯ ಕತ್ತಲಾದಾಗ ವಿಡಿಯೋನೂ ಕತ್ತಲಾಗಲಿ ಬಿಡಿ. ಬೆಳಕು ಹಾಕಿದವರು ಅದು ಕತ್ತಲಾಗಲಿ ಎಂದೇ ಹಾಕಿದ್ದು. ಕತ್ತಲ ದೃಶ್ಯವನ್ನು ಹಗಲು ಮಾಡುವ ಆಟೋ ಐಎಸ್‌ಒ ಚಿತ್ರವನ್ನು ಕೆಡಿಸುವುದರ ಜೊತೆಗೆ ನಾಟಕವನ್ನೂ ಕೆಡಿಸುತ್ತದೆ.

ಮ್ಯಾನುಯಲ್ ಬೇಡವೇ ಬೇಡ ಎನ್ನುವವರಿಗೆ ಅರ್ಧ ಮದ್ದು ಇದೆ: ಆಟೋ ಆರಿಸಿದ ಬೆಳಕನ್ನು ಏರಿಸಿಳಿಸುವ ಎಕ್ಸ್‌ಪೋಶರ್ ಕಾಂಪನ್ಸೇಶನ್ ಅನ್ನು ಮೈನಸ್ 1ರಿಂದ ಮೈನಸ್ 1.5ಕ್ಕೆ ಇಳಿಸಿ. ಏರುಪೇರು ನಿಲ್ಲುವುದಿಲ್ಲ, ಆದರೆ ಮುಖ ಉಳಿಯುತ್ತದೆ.

ಇದಕ್ಕೆ ಉಲ್ಟಾ ದೋಷವೂ ಇದೆ. ನಾಟಕದ ಹಾಲಿನಲ್ಲಿ ಚೆನ್ನಾಗಿ ಕಂಡದ್ದು ಮನೆಯಲ್ಲಿ ಕಪ್ಪುಕಪ್ಪು. ಇಲ್ಲಿ ಮೋಸ ಮಾಡಿದ್ದು ಕ್ಯಾಮೆರಾ ಅಲ್ಲ, ಕಣ್ಣು. ಕತ್ತಲ ಹಾಲಿನಲ್ಲಿ ಹಿಂದಿನ ಪರದೆ ಎಷ್ಟು ಮಂಕಾಗಿದ್ದರೂ ಪ್ರಖರವಾಗಿ ಕಾಣುತ್ತದೆ. ಪರದೆಯ ಹೊಳಪು ತಗ್ಗಿಸಿಟ್ಟು, ಕತ್ತಲು, ಬೆಳಕು ಎಷ್ಟೆಷ್ಟಿದೆ ಎಂದು ತೋರಿಸುವ ಹಿಸ್ಟೋಗ್ರಾಮ್ ನಕ್ಷೆ ನೋಡಿ ತೀರ್ಮಾನಿಸಿ. ಹೊಳಪು ತಗ್ಗಿಸಿದರೆ ಹಿಂದೆ ಕೂತವರೂ ಬೈಯುವುದಿಲ್ಲ.

ಮಸುಕಾಗಿ, ಸರಿಹೋಗಿ, ಮತ್ತೆ ಮಸುಕು

ಉಸಿರಾಡಿದ ಹಾಗೆ ಚಿತ್ರ ಹಿಂದೆ ಮುಂದೆ ಆಗುತ್ತಿದ್ದರೆ ಆಟೋ ಫೋಕಸ್ ತಡಕಾಡುತ್ತಿದೆ. ಯಾವಾಗ ಎಂದು ನೋಡಿ. ದೀಪ ಮಂಕಾದಾಗಲಾ? ಹಿಡಿದುಕೊಳ್ಳಲು ಗೆರೆ, ಅಂಚು ಸಿಗದೆ ತಡಕಾಡಿದೆ. ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಇದು ತೀರ ಜಾಸ್ತಿ. ಅವು ವಿಡಿಯೋದಲ್ಲಿ ಚಿತ್ರದ ಸ್ಪಷ್ಟತೆ ಏರಿಳಿಯುವುದನ್ನು ನೋಡಿಯೇ ಫೋಕಸ್ ಹುಡುಕುತ್ತವೆ. ಸರಿಯಾದ ಜಾಗ ದಾಟಿ ಹೋಗದೆ ಸರಿ ಎಲ್ಲಿತ್ತು ಅಂತ ಅವುಗಳಿಗೆ ಗೊತ್ತಾಗುವುದೇ ಇಲ್ಲ. ಇನ್ನೊಂದು ಸಂದರ್ಭ: ಮುಂದಿನ ಸಾಲಿನಲ್ಲಿ ಯಾರೋ ಫೋನ್ ಎತ್ತಿದ್ದಾರೆ, ಅದೇ ಕ್ಷಣ ವೇದಿಕೆ ಮಸುಕಾಗಿದೆ. ಆಗ ಕ್ಯಾಮೆರಾ ಆ ಫೋನಿನ ಪರದೆಯನ್ನು ಹಿಡಿದಿದೆ. ಫೋನಿನೊಳಗೆ ಕಂಡ ಪುಟಾಣಿ ಮುಖವನ್ನೇ ಮುಖ ಎಂದು ಗುರುತಿಸಿದ್ದನ್ನೂ ನೋಡಿದ್ದೇನೆ.

ಹಿಂದೆ ಕೂತು ಇಡೀ ವೇದಿಕೆ ಫ್ರೇಮಿಗೆ ಬರುವ ಹಾಗೆ ತೆಗೆಯುವವರಿಗೆ ಆಟೋ ಫೋಕಸ್ ಬೇಕಾಗಿಯೇ ಇಲ್ಲ. ದೂರ ಜಾಸ್ತಿ, ಲೆನ್ಸ್ ಅಗಲ. ವೇದಿಕೆಯ ಮುಂದಿನ ಅಂಚಿನಿಂದ ಹಿಂದಿನ ಪರದೆವರೆಗೆ ಎಲ್ಲವೂ ಸ್ಪಷ್ಟ. ವೇದಿಕೆ ಮಧ್ಯದಲ್ಲಿರುವ ಯಾವುದಾದರೂ ವಸ್ತುವನ್ನು ಪರದೆಯಲ್ಲಿ ದೊಡ್ಡದು ಮಾಡಿ ನೋಡಿ, ಫೋಕಸ್ ಹೊಂದಿಸಿ, ಮ್ಯಾನುಯಲ್‌ಗೆ ಬದಲಿಸಿ, ಕೈ ತೆಗೆಯಿರಿ. ಆಮೇಲೆ ಲೆನ್ಸಿನ ಉಂಗುರ ತಾಗದಂತೆ ನೋಡಿಕೊಂಡರೆ ಸಾಕು. ಒಂದು ಕೊಕ್ಕೆ ಇದೆ. ಹಲವು ಫೋಟೋ ಲೆನ್ಸುಗಳಲ್ಲಿ ಜೂಮ್ ಮಾಡಿದರೆ ಫೋಕಸ್ ಜರುಗುತ್ತದೆ. ಅಗಲದಲ್ಲಿ ಹೊಂದಿಸಿ ಹತ್ತಿರ ಎಳೆದರೆ ಮಸುಕು. ಅದಕ್ಕೇ ಹತ್ತಿರ ಎಳೆದು ಹೊಂದಿಸಿ, ಆಮೇಲೆ ಅಗಲ ಮಾಡಿ. ಅಗಲದಲ್ಲಿ ಸಣ್ಣ ತಪ್ಪು ಕಾಣುವುದಿಲ್ಲ.

ಒಂದೇ ಮಗುವನ್ನು ಹತ್ತಿರದಿಂದ ಹಿಂಬಾಲಿಸುವುದಾದರೆ ಆಟೋ ಬೇಕಾಗುತ್ತದೆ. ಆಗ ಫೋಕಸ್ ಬದಲಾಗುವ ವೇಗವನ್ನು ನಿಧಾನಕ್ಕೆ, ಹೊಸ ವಸ್ತುವಿಗೆ ಹಾರುವ ಚುರುಕನ್ನು ಕಡಿಮೆಗೆ ಇಡಿ. ನಡುವೆ ಅಡ್ಡ ಬಂದವರನ್ನು ಅದು ನಿರ್ಲಕ್ಷಿಸುತ್ತದೆ.

ಶುರುವಿನಲ್ಲಿ ಮಾತ್ರ ಇಡೀ ಚಿತ್ರ ಮಂಜು ಕವಿದಂತಿದ್ದು ಹತ್ತು ನಿಮಿಷದಲ್ಲಿ ತಿಳಿಯಾದರೆ ಅದು ಫೋಕಸ್ಸೇ ಅಲ್ಲ. ತಣ್ಣಗಿನ ಜಾಗದಿಂದ ಸೆಕೆಯ ಹಾಲಿಗೆ ಬಂದ ಲೆನ್ಸಿನ ಮೇಲೆ ತೇವ ಕೂತಿದೆ. ಬ್ಯಾಗಿನೊಳಗೇ ಇಟ್ಟು ಅರ್ಧ ಗಂಟೆ ಹೊಂದಿಕೊಳ್ಳಲು ಬಿಡಬೇಕಿತ್ತು.

ಪಟ್ಟೆಪಟ್ಟೆ ಓಡುತ್ತಿದೆ, ಬೆಳಕು ಮಿಡಿಯುತ್ತಿದೆ

ವಿದ್ಯುತ್ ಸೆಕೆಂಡಿಗೆ 50 ಆವರ್ತದಲ್ಲಿ ಬರುವ ದೇಶಗಳಲ್ಲಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 60 ಆವರ್ತ ಇರುವಲ್ಲಿ 120 ಸಲ. ಕಣ್ಣಿಗೆ ಕಾಣದು. ಶಟರ್ ವೇಗ ಇದಕ್ಕೆ ತಾಳ ತಪ್ಪಿದರೆ ಪ್ರತಿ ಫ್ರೇಮಿಗೂ, ಅಂದರೆ ವಿಡಿಯೋದ ಒಂದೊಂದು ಬಿಡಿ ಚಿತ್ರಕ್ಕೂ, ಬೇರೆ ಬೇರೆ ಅಳತೆಯ ಬೆಳಕು ಬೀಳುತ್ತದೆ. ಸೆನ್ಸರ್ ಚಿತ್ರವನ್ನು ಮೇಲಿನ ಸಾಲಿನಿಂದ ಕೆಳಕ್ಕೆ ಓದುತ್ತಾ ಬರುವುದರಿಂದ ಅದು ಅಡ್ಡ ಪಟ್ಟೆಯಾಗಿ ಕಾಣುತ್ತದೆ. 50 ಇರುವಲ್ಲಿ ಶಟರ್ 1/50 ಅಥವಾ 1/100, ಸೆಕೆಂಡಿಗೆ 25 ಫ್ರೇಮ್. 60 ಇರುವಲ್ಲಿ 1/60 ಅಥವಾ 1/120, 30 ಫ್ರೇಮ್. ಬೇರೆ ಪ್ರದೇಶಕ್ಕೆಂದು ತಯಾರಾದ ಕ್ಯಾಮೆರಾ ತಂದಿದ್ದರೆ ಮೆನುವಿನಲ್ಲಿ ಎನ್‌ಟಿಎಸ್‌ಸಿ (60 ಆವರ್ತಕ್ಕೆ), ಪಾಲ್ (50ಕ್ಕೆ) ಎಂಬ ಆಯ್ಕೆಯನ್ನು ಮೊದಲು ನೋಡಿ.

ಇಷ್ಟು ಮಾಡಿದರೂ ಪಟ್ಟೆ ಹೋಗದಿದ್ದರೆ ಅದು ಎಲ್‌ಇಡಿ ದೀಪ. ಅಗ್ಗದ ವೇದಿಕೆ ಎಲ್‌ಇಡಿಗಳ ಬೆಳಕು ತಗ್ಗಿಸುವುದು ಅಂದರೆ ಅವನ್ನು ಬೇಗ ಬೇಗ ಆರಿಸಿ ಹಚ್ಚುವುದು. ಆ ವೇಗಕ್ಕೂ ವಿದ್ಯುತ್ತಿನ ಆವರ್ತಕ್ಕೂ ಸಂಬಂಧವಿಲ್ಲ. ಗುರುತು ಸುಲಭ: ದೀಪ ಪೂರ್ತಿ ಉರಿಯುವಾಗ ಪಟ್ಟೆ ಇರುವುದಿಲ್ಲ, ಮಂಕಾಗಿಸಿದಾಗ ಬರುತ್ತದೆ. ಶಟರನ್ನು ಅತ್ತಿತ್ತ ಸ್ವಲ್ಪಸ್ವಲ್ಪ ತಿರುಗಿಸಿ ಪಟ್ಟೆ ಸಣ್ಣದಾಗುವ ಜಾಗ ಹುಡುಕಿ. ಕೆಲವು ಕ್ಯಾಮೆರಾಗಳಲ್ಲಿ ಶಟರನ್ನು ದಶಮಾಂಶದಲ್ಲಿ ಹೊಂದಿಸುವ ಸೌಲಭ್ಯ ಇದಕ್ಕೆಂದೇ ಇದೆ.

ಒಂದೇ ಒಂದು ಫ್ರೇಮಿನಲ್ಲಿ ಅರ್ಧ ಚಿತ್ರ ಮಾತ್ರ ಫಳ್ ಎಂದಿದೆಯೇ? ಯಾರೋ ಫ್ಲ್ಯಾಷ್ ಹೊಡೆದಿದ್ದಾರೆ. ನೀವು ಮಾಡುವುದೇನೂ ಇಲ್ಲ. ಎಡಿಟ್ ಮಾಡುವಾಗ ಆ ಫ್ರೇಮ್ ತೆಗೆದು ಪಕ್ಕದ್ದನ್ನು ಅಲ್ಲಿ ಹಾಕಿ.

ಬಣ್ಣ ಬದಲಾಗುತ್ತಿದೆ

ಇದು ಆಟೋ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಯಾವುದೆಂದು ಕ್ಯಾಮೆರಾ ತಾನೇ ಊಹಿಸುವುದು. ಸೂರ್ಯಾಸ್ತಕ್ಕೆ ಹಾಕಿದ ಕಿತ್ತಳೆ ಬೆಳಕನ್ನು ಅದು ನಿಧಾನಕ್ಕೆ ಬಿಳಿ ಮಾಡಿಬಿಡುತ್ತದೆ. ಹಳೆಯ ಬಿಸಿ ದೀಪಗಳಾದರೆ 3200 ಕೆಲ್ವಿನ್, ತಂಪು ಎಲ್‌ಇಡಿಗಳಾದರೆ 5600ರ ಸುತ್ತ ಇಟ್ಟು ಬೀಗ ಹಾಕಿ. ಸ್ವಲ್ಪ ತಪ್ಪಿದರೂ ಚಿಂತೆಯಿಲ್ಲ. ಒಂದೇ ಸಮನಾದ ತಪ್ಪನ್ನು ಆಮೇಲೆ ಒಂದೇ ಸಲ ತಿದ್ದಬಹುದು. ಕಡುನೀಲಿ ಎಲ್‌ಇಡಿಯಲ್ಲಿ ಮುಖ ನೀಲಿ ಬಣ್ಣ ಮೆತ್ತಿದ ಹಾಗೆ ಕಂಡರೆ ಅದು ವೈಟ್ ಬ್ಯಾಲೆನ್ಸ್ ತಪ್ಪಲ್ಲ. ನೀಲಿ ಮಾತ್ರ ತುಂಬಿ ಹರಿದಿದೆ. ಎಕ್ಸ್‌ಪೋಶರ್ ಇಳಿಸಬೇಕು.

ಚಿತ್ರ ಚೆನ್ನಾಗಿದೆ, ಮಾತೇ ಕೇಳುತ್ತಿಲ್ಲ

ನನ್ನನ್ನು ಕೇಳಿದರೆ ನಿಜವಾದ ನಷ್ಟ ಇಲ್ಲೇ ಆಗುವುದು. ಮಸುಕಾದ ಚಿತ್ರವನ್ನು ಅಜ್ಜಿ ಸಹಿಸುತ್ತಾರೆ, ಮೊಮ್ಮಗಳ ಮಾತು ಕೇಳದಿದ್ದರೆ ಸಹಿಸುವುದಿಲ್ಲ.

ಮೊದಲು ಹೆಡ್‌ಫೋನ್ ಹಾಕಿ ಕೇಳಿ. ಟಿಕ್ ಟಿಕ್, ಗರ್ ಗರ್ ಸದ್ದು ಚಿತ್ರ ಮಸುಕಾಗುವ ಹೊತ್ತಿಗೇ ಬರುತ್ತಿದ್ದರೆ ಅದು ಲೆನ್ಸಿನ ಫೋಕಸ್ ಮೋಟಾರ್. ಮೈಕ್ ಕ್ಯಾಮೆರಾದ ಮೈಮೇಲೇ ಇದೆ, ಮೋಟಾರಿನ ಪಕ್ಕದಲ್ಲೇ. ಬಿಡದೆ ಸಣ್ಣಗೆ ಸುಯ್ ಅನ್ನುತ್ತಿದ್ದರೆ ಲೆನ್ಸಿನ ಅಲುಗಾಟ ತಡೆಯುವ ಯಂತ್ರ. ಸ್ಟ್ಯಾಂಡ್ ಮೇಲಿದ್ದಾಗ ಅದನ್ನು ಆರಿಸಿಬಿಡಿ. ಅಲ್ಲಿ ಅದರ ಅಗತ್ಯವಿಲ್ಲ. ಅಲ್ಲದೆ ಕ್ಯಾಮೆರಾ ತಿರುಗಿಸಿದಾಗ ಅದು ಚಿತ್ರವನ್ನು ಹಿಡಿದೆಳೆದು ಜರ್ಕ್ ಕೊಡುತ್ತದೆ.

ಚಪ್ಪಾಳೆ ಬಿದ್ದ ಮೇಲೆ ಎರಡು ಸೆಕೆಂಡ್ ಮಾತು ಸತ್ತುಹೋಗಿ ಮತ್ತೆ ಏಳುತ್ತಿದೆಯಾ? ಮೌನ ಬಂದಾಗ ಶ್ ಅನ್ನುವ ಸದ್ದು ಮೇಲೇರುತ್ತಿದೆಯಾ? ಇದು ಆಟೋ ಲೆವೆಲ್, ಸದ್ದಿನ ಮಟ್ಟವನ್ನು ಕ್ಯಾಮೆರಾ ತಾನೇ ಏರಿಸಿಳಿಸುವುದು. ಇದು ಎಕ್ಸ್‌ಪೋಶರಿನ ಕಥೆಯೇ, ಕಿವಿಗೆ ಬಂದಿದೆ ಅಷ್ಟೇ. ಮ್ಯಾನುಯಲ್ ಮಾಡಿ, ಜೋರು ಮಾತು ಪರದೆಯ ಸದ್ದಿನ ಅಳತೆಪಟ್ಟಿಯಲ್ಲಿ ಮೈನಸ್ 12 ಡೆಸಿಬೆಲ್ ಹತ್ತಿರ ಬರುವಂತೆ ಇಡಿ. ಚಪ್ಪಾಳೆಗೆ ಅಷ್ಟು ಜಾಗ ಬೇಕು.

ಎಲ್ಲ ಸರಿ, ಆದರೂ ಮಕ್ಕಳು ಬಾವಿಯೊಳಗಿಂದ ಮಾತಾಡಿದ ಹಾಗಿದೆ, ಪಕ್ಕದವರ ಕೆಮ್ಮು ಮಾತ್ರ ಸ್ಪಷ್ಟ. ಹಾಗಾದರೆ ಸೆಟ್ಟಿಂಗ್ ಹುಡುಕಬೇಡಿ, ಕಾರಣ ದೂರ. ಬಯಲಲ್ಲಿ ದೂರ ಎರಡು ಪಟ್ಟಾದರೆ ಸದ್ದಿನ ಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ಹಾಲಿನಲ್ಲಿ ಇನ್ನೊಂದು ತೊಂದರೆ: ನೇರ ದನಿ ಇಳಿದರೂ ಗೋಡೆಯಿಂದ ಮರಳುವ ದನಿ ಅಷ್ಟಾಗಿ ಇಳಿಯುವುದಿಲ್ಲ. ಹಿಂದಿನ ಸಾಲಿಗೆ ಬರುವುದು ಬಹುಪಾಲು ಪ್ರತಿಧ್ವನಿಯೇ. ಕ್ಯಾಮೆರಾ ಮೇಲೆ ದುಬಾರಿ ಮೈಕ್ ಕೂರಿಸಿದರೆ ಕೆಮ್ಮು ಸ್ವಲ್ಪ ತಗ್ಗಬಹುದು. ಆದರೆ ಮೈಕನ್ನು ಹತ್ತಿರ ಒಯ್ಯುವುದಕ್ಕೆ ಸಮನಾದದ್ದು ಇಲ್ಲ. ಶಿಕ್ಷಕರನ್ನು ಕೇಳಿ, ಹಳೆಯ ಫೋನೊಂದನ್ನು ರೆಕಾರ್ಡಿಂಗ್ ಹಚ್ಚಿ, ಏರೋಪ್ಲೇನ್ ಮೋಡಿಗೆ ಹಾಕಿ ವೇದಿಕೆಯ ಮುಂದಿನ ಅಂಚಿನಲ್ಲಿ ಬಟ್ಟೆಯ ಮೇಲೆ ಇಡಿ. ಬಟ್ಟೆ ಮರೆಯಬೇಡಿ. ಮರದ ವೇದಿಕೆಯಾದರೆ ಮಕ್ಕಳ ಕಾಲು ಸದ್ದು ಗುಡುಗಿನಂತೆ ಬರುತ್ತದೆ.

ಎರಡನ್ನೂ ಜೋಡಿಸಲು ಫೋನ್ ಪಕ್ಕ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ, ಕ್ಯಾಮೆರಾಕ್ಕೆ ಕಾಣುವ ಹಾಗೆ. ಕೈ ಕೂಡಿದ ಫ್ರೇಮಿಗೆ ಫೋನಿನ ಚಪ್ಪಾಳೆ ಸದ್ದನ್ನು ಹೊಂದಿಸಿ. ಕ್ಯಾಮೆರಾದಲ್ಲಿ ದಾಖಲಾದ ಚಪ್ಪಾಳೆ ಸದ್ದಿಗೆ ಹೊಂದಿಸಿದರೆ ಸಣ್ಣ ತಪ್ಪಾಗುತ್ತದೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 20 ಮೀಟರ್ ಹಿಂದೆ ಕೂತಿದ್ದರೆ ಅದು ನಿಮ್ಮನ್ನು ತಲುಪುವಷ್ಟರಲ್ಲಿ ಒಂದೂವರೆ ಫ್ರೇಮ್ ಕಳೆದಿರುತ್ತದೆ. ಶುರುವಿನಲ್ಲಿ ತುಟಿ ಹೊಂದಿ ಕೊನೆಗೆ ತಪ್ಪುತ್ತಿದ್ದರೆ ಎರಡು ಯಂತ್ರಗಳ ಗಡಿಯಾರ ಒಂದೇ ವೇಗದ್ದಲ್ಲ. ಗಂಟೆಗೆ ಕೆಲವು ಫ್ರೇಮ್ ಜಾರುವುದು ಮಾಮೂಲು. ದೃಶ್ಯಗಳ ನಡುವೆ ಕತ್ತರಿಸಿ, ತುಂಡುತುಂಡಾಗಿ ಸರಿಸಿ.

ಹಾಲಿನ ಧ್ವನಿವರ್ಧಕ ವ್ಯವಸ್ಥೆಯಿಂದ ತಂತಿ ಎಳೆದು ಕ್ಯಾಮೆರಾಕ್ಕೆ ಸಿಕ್ಕಿಸಿದವರಿಗೆ ಒಂದು ಮಾತು. ಸದ್ದು ಒಡೆದು ಕರಕರ ಬಂದಿದ್ದರೆ ಕ್ಯಾಮೆರಾದಲ್ಲಿ ಲೆವೆಲ್ ಇಳಿಸಿ ಪ್ರಯೋಜನವಿಲ್ಲ. ಅಲ್ಲಿಂದ ಬರುವುದು ಲೈನ್ ಮಟ್ಟದ ಸಂಕೇತ, ಕ್ಯಾಮೆರಾದ ಮೈಕ್ ರಂಧ್ರಕ್ಕೆ ಬೇಕಾದ್ದು ಅದರ ಎಷ್ಟೋ ಪಾಲು ಸಣ್ಣದು. ನಡುವೆ ಸಂಕೇತವನ್ನು ತಗ್ಗಿಸುವ ಅಟೆನ್ಯುಯೇಟರ್ ತಂತಿ ಬೇಕು.

ಫೈಲ್ ತೆರೆಯುತ್ತಲೇ ಇಲ್ಲ

ಓಡುತ್ತಿರುವಾಗಲೇ ಬ್ಯಾಟರಿ ಸತ್ತಿತೇ, ಕಾರ್ಡಿನ ಬಾಗಿಲು ತೆರೆದಿರೇ? ಎಂಪಿ4 ಮತ್ತು ಎಂಒವಿ ಫೈಲುಗಳಲ್ಲಿ ಯಾವ ಫ್ರೇಮ್ ಎಲ್ಲಿದೆ ಎಂಬ ಸೂಚಿಯನ್ನು ಕ್ಯಾಮೆರಾ ಸಾಮಾನ್ಯವಾಗಿ ಬರೆಯುವುದು ಕೊನೆಯಲ್ಲಿ, ನೀವು ನಿಲ್ಲಿಸು ಒತ್ತಿದ ಮೇಲೆ. ಅದು ಇಲ್ಲದಿದ್ದರೆ ನಾಟಕವೆಲ್ಲ ಒಳಗಿದ್ದರೂ ಪ್ಲೇಯರಿಗೆ ಏನೂ ಅರ್ಥವಾಗದು. ಕಾರ್ಡ್ ಮುಟ್ಟಬೇಡಿ ಎಂದದ್ದು ಇದಕ್ಕೇ. ನಕಲು ಮಾಡಿಕೊಂಡ ಮೇಲೆ ಅದೇ ಕಾರ್ಡನ್ನು ಅದೇ ಕ್ಯಾಮೆರಾಕ್ಕೆ ಹಾಕಿ, ತುಂಬಿದ ಬ್ಯಾಟರಿಯೊಂದಿಗೆ ಆನ್ ಮಾಡಿ. "ಸರಿಪಡಿಸಲೇ" ಎಂದು ಕೆಲವು ಕ್ಯಾಮೆರಾಗಳು ತಾವೇ ಕೇಳುತ್ತವೆ. ಕೇಳದಿದ್ದರೆ ಅನ್‌ಟ್ರಂಕ್ ಎಂಬ ಮುಕ್ತ ತಂತ್ರಾಂಶ ಇದೆ. ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗಿನಲ್ಲಿ ಬೇರೆ ಕಾರ್ಡಿಗೆ ಒಂದು ನಿಮಿಷದ ಒಳ್ಳೆಯ ವಿಡಿಯೋ ತೆಗೆದು ಕೊಟ್ಟರೆ, ಅದನ್ನು ಮಾದರಿಯಾಗಿ ಇಟ್ಟುಕೊಂಡು ಹಾಳಾದದ್ದರ ಸೂಚಿ ಕಟ್ಟುತ್ತದೆ. ಪ್ರತಿ ಸಲ ಗೆಲ್ಲುವುದಿಲ್ಲ, ಆದರೆ ಪ್ರಯತ್ನ ಪುಕ್ಕಟೆ.

ಕಾರ್ಡಿನಲ್ಲಿ ನೆಲದ ವಿಡಿಯೋಗಳು ಮಾತ್ರ ಇವೆ

ಐದಾರು ತುಣುಕು ಇವೆ. ಒಂದರಲ್ಲಿ ಕುರ್ಚಿಯ ಕಾಲು, ಇನ್ನೊಂದರಲ್ಲಿ ಬ್ಯಾಗಿನ ಒಳಗಿನ ಕತ್ತಲು, ನಿಮ್ಮದೇ ಮಾತು: "ಈಗ ಆಫ್ ಆಗಿದೆ, ಇರು." ನಾಟಕದ ಒಂದು ದೃಶ್ಯವೂ ಇಲ್ಲ. ಇದರ ಕಾರಣ ತಕ್ಷಣ ತಿಳಿಯುತ್ತದೆ, ಒಪ್ಪಿಕೊಳ್ಳಲು ಹೊತ್ತು ಬೇಕು. ಶುರುಮಾಡುವುದೂ ನಿಲ್ಲಿಸುವುದೂ ಒಂದೇ ಗುಂಡಿ. ಎಲ್ಲೋ ಒಂದು ಒತ್ತು ತಪ್ಪಿದರೆ ಆಮೇಲೆ ಎಲ್ಲ ತಿರುವುಮುರುವು. ಬೀಪ್ ಸದ್ದನ್ನೂ ಮುಂದಿನ ಕೆಂಪು ದೀಪವನ್ನೂ ನಾಟಕಕ್ಕೆಂದು ನಾವೇ ಆರಿಸಿಟ್ಟಿರುತ್ತೇವೆ. ಆರಿಸುವುದೇ ಸರಿ. ಆದರೆ ಆಗ ಕೆಂಪು ಚುಕ್ಕಿ ಕಂಡರೆ ಸಾಲದು, ಎಷ್ಟೋ ಕ್ಯಾಮೆರಾಗಳಲ್ಲಿ ಕಾಯುತ್ತಿರುವಾಗಲೂ ಪರದೆಯಲ್ಲಿ ಏನೋ ಒಂದು ಕೆಂಪು ಗುರುತು ಇರುತ್ತದೆ. ಒತ್ತಿದ ಮೇಲೆ ಪರದೆಯ ಮೂಲೆಯಲ್ಲಿರುವ ಸಮಯದ ಅಂಕೆ ನೋಡಿ. 0:01, 0:02, 0:03. ಅದು ಓಡುತ್ತಿದ್ದರೆ ಕ್ಯಾಮೆರಾ ಬಿಟ್ಟು ವೇದಿಕೆ ಕಡೆ ತಲೆ ಎತ್ತಿ. ಮೋಡ ಬರುವ ಹೊತ್ತಾಯಿತು.